ತುಟಿ ಕಾರ್ಡು

ಮಲ್ಲೇಶನನ್ನು ಕೆಲಸದಿಂದ ತೆಗೆಸಿದ್ದು ಒಂದು ಕ್ಲಿಪ್ಪು. ಬಟ್ಟೆ ಒಣಹಾಕುವ ಕ್ಲಿಪ್ಪಿಗಿಂತ ತುಸು ದಪ್ಪ, ಬೆರಳಿಗೆ ಸಿಕ್ಕಿಸಿದರೆ ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ಕೆಂಪು ಅಂಕಿಯಲ್ಲಿ ಹೇಳುವಂಥದ್ದು. ಬಲಸಮುದ್ರದ ಕಡೆಯ ಸೋಲಾರ್ ಪಾರ್ಕಿನಲ್ಲಿ ಪ್ಯಾನೆಲ್ ತೊಳೆಯುವವರಿಗೆಲ್ಲ ಗುತ್ತಿಗೆದಾರ ಆರೋಗ್ಯ ತಪಾಸಣೆ ಇಟ್ಟಿದ್ದ. ಮಿಕ್ಕವರ ಬೆರಳಲ್ಲಿ ತೊಂಬತ್ತೆಂಟು, ತೊಂಬತ್ತೊಂಬತ್ತು. ಮಲ್ಲೇಶನ ಬೆರಳಲ್ಲಿ ಎಂಬತ್ತಾರು. ಕ್ಲಿಪ್ಪು ಹಾಕಿದವನು ಬೆರಳು ಬದಲಾಯಿಸಿದ, ಕ್ಲಿಪ್ಪು ಬದಲಾಯಿಸಿದ, ಆಮೇಲೆ ತಲೆಯೆತ್ತಿ ಮುಖ ನೋಡಿದ. ಆಗಷ್ಟೇ ನೇರಳೆ ಹಣ್ಣು ತಿಂದವನ ಹಾಗೆ ತುಟಿ ಕಪ್ಪುನೀಲಿಯಾಗಿತ್ತು.

"ಯಾವಾಗಿಂದ ಹಿಂಗೆ?"

"ಹುಟ್ದಾಗಿಂದ್ಲೂ ಇಂಗೇ ಸಾ. ನಮ್ಮಪ್ಪಂದೂ ಇಂಗೇ."

"ಹಾರ್ಟ್ ಪ್ರಾಬ್ಲಮ್ಮು ಕಣಯ್ಯ. ಇಲ್ಲಿ ಬಿದ್ದು ಸತ್ರೆ ಯಾರು ತಲೆ ಕೊಡ್ತಾರೆ? ನಡಿ ಮನೆಗೆ."

ಆ ಬೆಳಿಗ್ಗೆ ಮಲ್ಲೇಶ ತನ್ನ ಸಾಲು ಮುಗಿಸಿ ಪಕ್ಕದ ಸಾಲಿನವನಿಗೂ ನೀರು ಹೊತ್ತುಕೊಟ್ಟು ಬಂದಿದ್ದ. ಅದನ್ನು ಯಾರು ಕೇಳಬೇಕು? ಒಂದು ಕಾಲಕ್ಕೆ ಅವನ ಅಪ್ಪ ಅಡವಯ್ಯ ಕೂಲಿಗೆ ಶೇಂಗಾ ಕಿತ್ತ ನೆಲದ ಮೇಲೇ ಈಗ ಗಾಜು ಮಲಗಿತ್ತು. ಭೂಮಿ ಇದ್ದವರಿಗೆ ಬಾಡಿಗೆ ಬಂತು. ಭೂಮಿಯಲ್ಲಿ ದುಡಿದವರಿಗೆ ಗಾಜು ತೊಳೆಯುವ ಬಕೆಟ್ಟು ಬಂತು. ಈಗ ಬಕೆಟ್ಟೂ ಹೋಯಿತು.

ಗೌರಿಕುಂಟೆಯ ಎ.ಕೆ. ಕಾಲೋನಿಯಲ್ಲಿ ಈ ತುಟಿ ಇರುವುದು ಒಂದೇ ಮನೆತನಕ್ಕೆ. ಊರಿನವರು ಅವರನ್ನು ಕರೆಯುವುದು 'ನೇರಳೆ ಬಾಯೋರು' ಎಂದು. ಯಾವುದೋ ಕಾಲದಲ್ಲಿ ಇವರ ಹಿರೀಕನೊಬ್ಬ ದೇವರ ತೋಪಿನ ನೇರಳೆ ಹಣ್ಣು ಕದ್ದು ತಿಂದನಂತೆ, ಬಣ್ಣ ಏಳು ತಲೆಗೂ ಹೋಗದಿರಲಿ ಎಂದು ಶಾಪ ತಗುಲಿತಂತೆ. ಊರಿನಲ್ಲಿ ಕೋಳಿ ಕಳೆದರೂ ಕೊಡ ಕಳೆದರೂ ಮೊದಲು ಈ ಬಾಗಿಲಿಗೆ ಬರುತ್ತಿದ್ದರು. ಕಳ್ಳತನದ ಗುರುತು ಮುಖದ ಮೇಲೇ ಇರುವಾಗ ಬೇರೆ ಸಾಕ್ಷಿ ಯಾಕೆ?

ಮಲ್ಲೇಶನ ತಂಗಿ ಭವ್ಯಳಿಗೆ ಆ ತುಟಿ ಬರಲಿಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಇಬ್ಬರಲ್ಲಿ ಒಬ್ಬರಿಗೆ ಬಂದು ಒಬ್ಬರನ್ನು ಬಿಟ್ಟಿತು, ಅಷ್ಟೇ. ಆದರೆ ಆ ಅಷ್ಟರಲ್ಲೇ ಎರಡು ಬಾಳು ಬೇರೆಯಾದವು. "ಎದೇಲಿ ತೂತಿರೋ ಹುಡುಗ, ಬಿಸಿಲಿಗೆ ಬಿದ್ದೋದ್ರೆ ನನ್ನ ತಲೆಗೆ ಬರ್ತದೆ" ಎಂದು ಮೇಷ್ಟ್ರು ಮಲ್ಲೇಶನನ್ನು ಮೊದಲು ಆಟದಿಂದ ಬಿಡಿಸಿದರು, ಕ್ರಮೇಣ ಪಾಠದಿಂದಲೂ. ಬಿಸಿಲಿಗೆ ಬೀಳುತ್ತಾನೆಂದು ಶಾಲೆ ಬಿಡಿಸಿದ ಹುಡುಗ ಆಮೇಲೆ ಬದುಕಿದ್ದೆಲ್ಲ ಪಾವಗಡದ ಬಿಸಿಲಿನಲ್ಲೇ. ಭವ್ಯಳ ಮುಖ ನೋಡಿ ಯಾರೂ ಏನೂ ಅನ್ನಲಿಲ್ಲ. ಅವಳು ಹಾಸ್ಟೆಲಿನಿಂದ ಹಾಸ್ಟೆಲಿಗೆ ದಾಟುತ್ತ ಮೈಸೂರಿನ ಒಂದು ಪ್ರಯೋಗಾಲಯ ಸೇರಿದಳು. ಅಲ್ಲಿ ಅವಳ ಕೆಲಸ ಪ್ರೋಟೀನುಗಳ ಒಳರಚನೆ ಕಂಡುಹಿಡಿಯುವುದು. ರಕ್ತದ ಹಿಮೋಗ್ಲೋಬಿನ್ ಎಂಬ ಪ್ರೋಟೀನನ್ನು ಅವಳು ಸುಮ್ಮನೆ ಆರಿಸಿಕೊಂಡಿರಲಿಲ್ಲ. ಅಪ್ಪನ ರಕ್ತ, ಅಣ್ಣನ ರಕ್ತ ಐಸಿನ ಡಬ್ಬಿಯಲ್ಲಿಟ್ಟು ಒಯ್ದಿದ್ದಳು. ಆ ರಕ್ತ ಗಾಳಿಗೆ ಹಿಡಿದರೂ ಕೆಂಪಗಾಗದೆ ಸುಟ್ಟ ಬೆಲ್ಲದ ಬಣ್ಣದಲ್ಲೇ ಉಳಿಯುತ್ತಿತ್ತು. ಅದನ್ನು ಶುದ್ಧಮಾಡಿ, ಹರಳುಗಟ್ಟಿಸಿ, ಹರಳಿನ ಮೇಲೆ ಎಕ್ಸ್‌ರೇ ಹಾಯಿಸಿ, ಚೆದುರಿದ ಚುಕ್ಕೆಗಳಿಂದ ಅಣುವಿನ ಆಕಾರ ಕಟ್ಟುವುದರಲ್ಲಿ ವರ್ಷಗಳು ಹೋದವು. ಹರಳು ಆಗುತ್ತಿತ್ತು, ಒಡೆಯುತ್ತಿತ್ತು. ಕೊನೆಗೊಂದು ನಿಂತಿತು.

ಅಣ್ಣನ ಕೆಲಸ ಹೋಯಿತೆಂದು ಕೇಳಿದಾಗ ಅವಳು ಆ ಚಿತ್ರವನ್ನು ಲ್ಯಾಪ್‌ಟಾಪಿನಲ್ಲಿ ಹೊತ್ತುಕೊಂಡೇ ಮನೆಗೆ ಬಂದಳು. ಜಗುಲಿಯ ಮೇಲೆ ಅಪ್ಪ, ಅಣ್ಣ, ಅತ್ತಿಗೆ ಇಂದ್ರಮ್ಮ. ಪಕ್ಕದ ಮನೆಯಿಂದ ಚಿಕ್ಕಪ್ಪ ಕದಿರಯ್ಯನೂ ಬಂದು ಕೂತ. ಅವನಿಗೂ ಅದೇ ತುಟಿ.

"ಇದೇ ಹಿಮೋಗ್ಲೋಬಿನ್ನು. ಮೈಯೊಳಗೆ ಗಾಳಿ ಹೊರೋ ಆಳು ಇದು," ಎಂದಳು.

"ಆಳು ಅಂದ್ಮೇಲೆ ನಮ್ಮೋನೇ ಬುಡು," ಎಂದ ಮಲ್ಲೇಶ.

"ಸುಮ್ನಿರಣ್ಣ. ಇದ್ರಲ್ಲಿ ನಾಕು ಎಳೆ ಐತೆ ನೋಡು. ಒಂದೊಂದು ಎಳೇನೂ ಮಡಚ್ಕಂಡು ಮಡಚ್ಕಂಡು ಒಂದು ಗೂಡು ಮಾಡ್ಕಂಡಿರ್ತದೆ. ಗೂಡಲ್ಲಿ ಒಂದು ಚೂರು ಕಬ್ಬಿಣ. ಗಾಳಿ ಬಂದು ಆ ಕಬ್ಬಿಣದ ಮೇಲೆ ಕೂರ್ತದೆ, ಬೇಕಾದ ಕಡೆ ಇಳೀತದೆ. ಕಬ್ಬಿಣದ ಪಕ್ಕ ಹಿಸ್ಟಿಡಿನ್ ಅಂತ ಒಬ್ಬ ಕಾವಲುಗಾರ ಇರ್ಬೇಕು. ನಮ್ಮ ಮನೆಯೋರ ಕೆಲವು ಎಳೇಲಿ ಅವನ ಜಾಗಕ್ಕೆ ಟೈರೋಸಿನ್ ಅನ್ನೋನು ಬಂದು ಕೂತವ್ನೆ. ಅವನು ಕಬ್ಬಿಣದ ಕೈ ಹಿಡ್ದೋನು ಬುಡೋದೇ ಇಲ್ಲ. ಗಾಳಿ ಕೂರಾಕೆ ಜಾಗ ಇಲ್ಲ. ಕಬ್ಬಿಣ ತುಕ್ಕು ಹಿಡ್ದಂಗಾಗ್ತದೆ, ರಕ್ತ ಕಂದು ಬಣ್ಣ ತಿರುಗ್ತದೆ."

"ಮತ್ತೆ ನಾವು ಬದುಕಿರಾದು ಹೆಂಗೆ?"

"ಮಿಕ್ಕ ಎಳೆ ದುಡೀತವಲ್ಲ. ಅಷ್ಟು ಸಾಕು ಮೈಗೆ. ಇದು ಕಾಯಿಲೆನೇ ಅಲ್ಲ. ಆ ಕ್ಲಿಪ್ಪು ರಕ್ತದ ಬಣ್ಣ ನೋಡಿ ಲೆಕ್ಕ ಹಾಕ್ತದೆ, ಅದ್ಕೇ ನಿನ್ನ ಹತ್ರ ಮೋಸ ಹೋಗಿದ್ದು."

"ಬಣ್ಣ ನೋಡಿ ಲೆಕ್ಕ ಹಾಕ್ತದಾ?" ಇಂದ್ರಮ್ಮ ನಕ್ಕಳು. "ಅಂಗಾದ್ರೆ ಅದೂ ನಮ್ಮೂರಿಂದೇ."

ಎಲ್ಲರೂ ನಕ್ಕರು. ಅಡವಯ್ಯ ಮಾತ್ರ ನಗಲಿಲ್ಲ. ಪರದೆಯ ಮೇಲೆ ತಿರುಗುತ್ತಿದ್ದ ಆ ಸುರುಳಿಗಳನ್ನು ನೋಡುತ್ತಲೇ ಇದ್ದ. ಆಮೇಲೆ, ಕೇಳಬಾರದ್ದನ್ನು ಕೇಳುವವನ ದನಿಯಲ್ಲಿ ಕೇಳಿದ:

"ಅಂಗಾದ್ರೆ ನಮ್ಮ ತಾತ ಕದ್ದಿರ್ಲಿಲ್ವೇನಮ್ಮ?"

ಶಾಪದ ಕತೆಯನ್ನು ಊರು ಹೇಳುತ್ತದೆ, ಕೇರಿ ಕೇಳಿಸಿಕೊಳ್ಳುತ್ತದೆ ಎಂದಷ್ಟೇ ಭವ್ಯ ತಿಳಿದಿದ್ದಳು. ಅಪ್ಪ ಅದನ್ನು ಇಷ್ಟು ವರ್ಷ ನಂಬಿಕೊಂಡು ತಲೆತಗ್ಗಿಸಿ ನಡೆದಿದ್ದನೆಂದು ಅವಳಿಗೆ ಗೊತ್ತಿರಲಿಲ್ಲ.

"ಇಲ್ಲ ಕಣಪ್ಪ. ಯಾರೂ ಏನೂ ಕದ್ದಿಲ್ಲ."

ಮುದುಕ ಹೆಗಲ ಮೇಲಿನ ಟವೆಲಿನಿಂದ ತುಟಿ ಒರೆಸಿಕೊಂಡು ಎದ್ದು ಹೋದ.

ಆ ಮನೆತನದ ಎಲ್ಲರಿಗೂ ಭವ್ಯ ಒಂದೊಂದು ಕಾರ್ಡು ಮಾಡಿಸಿದಳು. ಒಂದು ಮಗ್ಗುಲು ಕನ್ನಡ, ಒಂದು ಮಗ್ಗುಲು ಇಂಗ್ಲಿಷು. ಕೆಳಗೆ ಮೈಸೂರಿನ ರಕ್ತತಜ್ಞರ ಸಹಿ, ಅವಳ ಸಹಿ. 'ಈ ವ್ಯಕ್ತಿಯ ಹಿಮೋಗ್ಲೋಬಿನ್ ರಚನೆ ಹುಟ್ಟಿನಿಂದಲೇ ಬೇರೆ. ತುಟಿ, ಉಗುರು ನೀಲಿಯಾಗಿರುವುದು ಸಹಜ. ಬೆರಳಿನ ಕ್ಲಿಪ್ಪು ಕಡಿಮೆ ಅಂಕಿ ತೋರಿಸುತ್ತದೆ. ಗಾಬರಿ ಬೇಡ.' ಕಾರ್ಡು ನೋಡಿ ಗುತ್ತಿಗೆದಾರ ಗೊಣಗಿಕೊಂಡೇ ಮಲ್ಲೇಶನನ್ನು ವಾಪಸ್ಸು ಸೇರಿಸಿಕೊಂಡ.

ಕದಿರಯ್ಯ ಗಡಿಯಾಚೆಯ ಹೆಂಡತಿಯಿಂದ ಕಲಿತ ತೆಲುಗು ಬೆರೆಸಿ ಗೇಲಿ ಮಾಡಿದ: "ಏಮ್ಮಾ, ಆಧಾರ್ ಕಾರ್ಡಾಯ್ತು, ರೇಷನ್ ಕಾರ್ಡಾಯ್ತು, ಇಪ್ಪುಡು ತುಟಿ ಕಾರ್ಡಾ?" ಆ ಹೆಸರೇ ನಿಂತಿತು. ಮಲ್ಲೇಶ ಅದನ್ನು ಪ್ಲಾಸ್ಟಿಕ್ ಹಾಳೆಯೊಳಗೆ ಹಾಕಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ಓಡಾಡಿದ. ಬಸ್ಸಿನಲ್ಲಿ ಯಾರಾದರೂ ತುಟಿ ದಿಟ್ಟಿಸಿದರೆ ತಾನೇ ತೆಗೆದು ತೋರಿಸುತ್ತಿದ್ದ. "ಓದ್ಕಳಿ ಸಾ. ನಮ್ಮ ತಂಗಿ ಬರ್ದಿರಾದು. ವಿಜ್ಞಾನಿ."

ಸಂಕ್ರಾಂತಿ ಕಳೆದ ಮೇಲೂ ಚಳಿ ಬಿಡಲಿಲ್ಲ. ಬೆಳಕು ಹರಿಯುವ ಮೊದಲೇ ತಣ್ಣೀರಿನಲ್ಲಿ ನಿಂತು ಗಾಜು ತೊಳೆಯುವ ಕೆಲಸ. ಮಲ್ಲೇಶನಿಗೆ ಕೆಮ್ಮು ಹಿಡಿಯಿತು, ಕೆಮ್ಮಿನ ಹಿಂದೆ ಜ್ವರ ಬಂತು. ಮಾತ್ರೆ ನುಂಗಿ ಕೆಲಸಕ್ಕೆ ಹೋದ. ಒಂದು ಬೆಳಿಗ್ಗೆ ಏಳಲಾಗಲಿಲ್ಲ. ಇಂದ್ರಮ್ಮ ಆಟೋ ಮಾಡಿಕೊಂಡು ಪಾವಗಡದ ಆಸ್ಪತ್ರೆಗೆ ಕರೆದೊಯ್ದಳು.

ಒಳಗೆ ಕ್ಲಿಪ್ಪು ಹಾಕಿದೊಡನೆ ನರ್ಸು ಗಾಬರಿಯಾದಳು. ಮಲ್ಲೇಶ ಆ ಜ್ವರದಲ್ಲೂ ನಗುತ್ತಾ ಜೇಬಿಗೆ ಕೈ ಹಾಕಿದ. ಡ್ಯೂಟಿ ಡಾಕ್ಟರು ಕಾರ್ಡನ್ನು ಎರಡು ಮಗ್ಗುಲೂ ಓದಿದ. ಅವನ ಕಣ್ಣು ಅರಳಿತು. ಕಾರ್ಡಿನ ಫೋಟೊ ತೆಗೆದುಕೊಂಡ, ಮಲ್ಲೇಶನ ತುಟಿಯ ಫೋಟೊ ತೆಗೆದುಕೊಂಡ. "ಬನ್ರೀ ಇಲ್ಲಿ, ರೇರ್ ಕೇಸು" ಎಂದು ಜೊತೆಯವರನ್ನು ಕರೆದ. ಬಂದವರು ತುಟಿ ನೋಡಿದರು. ನಾಲಿಗೆ ಚಾಚಿಸಿ ನೋಡಿದರು. ದೂರದಿಂದಲೇ ಕೈ ಚಾಚಲು ಹೇಳಿ ಉಗುರು ನೋಡಿದರು. ಎದೆಗೆ ಸ್ಟೆತಸ್ಕೋಪು ಇಟ್ಟವರು ಒಬ್ಬರೂ ಇಲ್ಲ.

ಜ್ವರಕ್ಕೆ ಮಾತ್ರೆ ಕೊಟ್ಟು ವರಾಂಡದ ಬೆಂಚಿನ ಮೇಲೆ ಮಲಗಿಸಿದರು. ಮಧ್ಯಾಹ್ನದ ಹೊತ್ತಿಗೆ ಅಂಕಿ ಎಂಬತ್ತಕ್ಕೆ ಇಳಿಯಿತು. ಇಂದ್ರಮ್ಮ ನರ್ಸಿನ ಹಿಂದೆ ಓಡಿದಳು.

"ಸಿಸ್ಟರ್, ಉಸ್ರು ಎಳ್ಕಳಾಕೆ ಆಗ್ತಿಲ್ಲ ಅವ್ರಿಗೆ. ಪಕ್ಕೆ ಒಳಕ್ಕೋಯ್ತಾ ಐತೆ, ಒಂದ್ ಕಿತ ನೋಡ್ರವ್ವ."

"ಕಾರ್ಡಲ್ಲೇ ಬರೆದಿದೆಯಲ್ಲಮ್ಮ, ಕಡಿಮೆ ಇರೋದು ಸಹಜ, ಗಾಬರಿ ಬೇಡ ಅಂತ. ನಿಮ್ಮವರದ್ದು ಇರೋದೇ ಹಂಗಂತೆ."

ನಿಮ್ಮವರದ್ದು ಇರೋದೇ ಹಂಗೆ. ಇಂದ್ರಮ್ಮ ಈ ಮಾತನ್ನು ಹುಟ್ಟಿದಾಗಿನಿಂದ ಕೇಳಿದ್ದಳು, ಬೇರೆ ಬೇರೆ ಬಾಗಿಲುಗಳ ಮುಂದೆ. ನಿಮ್ಮವರ ಮನೆ ಇರೋದೇ ಹಂಗೆ, ನಿಮ್ಮವರ ಮಕ್ಕಳು ಇರೋದೇ ಹಂಗೆ. ಈಗ ಅದಕ್ಕೆ ಸಹಿ, ಸೀಲು ಬಿದ್ದಿತ್ತು.

ಸಂಜೆ ಮೈಸೂರಿನ ಪ್ರಯೋಗಾಲಯದಲ್ಲಿದ್ದ ಭವ್ಯಳಿಗೆ ಇಂದ್ರಮ್ಮನ ಫೋನು ಬಂತು.

"ಭವ್ಯ, ನಿಮ್ಮಣ್ಣ ಯಾಕೋ ಮಾತಾಡ್ತಿಲ್ಲ ಕಣಮ್ಮ. ಕಾರ್ಡು ತೋರ್ಸುದ್ವಿ. ಏನೂ ಭಯ ಇಲ್ಲ ಅಂದ್ರು."

"ಕ್ಲಿಪ್ಪು ಎಷ್ಟು ತೋರುಸ್ತೈತೆ ಅತ್ಗೆ?"

"ಎಪ್ಪತ್ನಾಕು."

ಭವ್ಯಳ ಕೈಯಲ್ಲಿದ್ದ ಗಾಜಿನ ತಟ್ಟೆ ಎಲ್ಲಿ ಬಿತ್ತೋ ಅವಳಿಗೆ ಗೊತ್ತಾಗಲಿಲ್ಲ. "ಡಾಕ್ಟರಿಗೆ ಕೊಡು. ಈಗ್ಲೇ ಕೊಡು. ಓಡು!"

ಡಾಕ್ಟರು ಸಾವಕಾಶವಾಗಿ ಮಾತಾಡಿದ. ಒಳ್ಳೆಯ ದನಿ. "ನಮಸ್ಕಾರ ಮೇಡಂ. ನಿಮ್ಮ ಕಾರ್ಡು ನೋಡಿದೆ, ತುಂಬಾ ಇಂಟರೆಸ್ಟಿಂಗು. ನೀವೇ ಸೈನ್ ಮಾಡಿದೀರಲ್ಲ, ಮತ್ಯಾಕೆ ಗಾಬರಿ?"

"ಎಂಬತ್ತಾರು ಅವನದು ಸರ್. ಎಪ್ಪತ್ನಾಲ್ಕು ಅವನದಲ್ಲ. ಎಪ್ಪತ್ನಾಲ್ಕು ಯಾರದೂ ಅಲ್ಲ! ಅವನಿಗೆ ನ್ಯುಮೋನಿಯಾ ಆಗಿರಬೇಕು. ಎದೆ ಕೇಳಿದ್ರಾ? ಒಂದ್ ಸಲ ಎದೆ ಕೇಳಿದ್ರಾ?"

ಆ ಕಡೆ ಫೋನು ಮೇಜಿನ ಮೇಲೆ ಇಟ್ಟ ಸದ್ದು. ಆಮೇಲೆ ಓಡಾಟದ ಸದ್ದು, ಯಾರನ್ನೋ ಗದರುವ ಸದ್ದು. ಮತ್ತೆ ಅದೇ ದನಿ, ಈಗ ಸಾವಕಾಶ ಇರಲಿಲ್ಲ: "ನಮ್ಮಲ್ಲಿ ಅಷ್ಟು ಸೌಲಭ್ಯ ಇಲ್ಲ ಮೇಡಂ. ತುಮಕೂರಿಗೆ ಬರೆದುಕೊಡ್ತೀವಿ."

ಆಂಬುಲೆನ್ಸು ಹೊರಟಿತು. ಮೈಸೂರಿನಿಂದ ಭವ್ಯ ಹೊರಟಳು. ದಾರಿಯುದ್ದ ಫೋನು ಕಿವಿಯಲ್ಲೇ. "ಮಧುಗಿರಿ ಬಂತು ಕಣಮ್ಮ," ಎಂದಳು ಇಂದ್ರಮ್ಮ. "ಇವ್ರು ನನ್ ಕೈ ಹಿಡ್ಕಂಡವ್ರೆ." ಕೊರಟಗೆರೆ ಮುಟ್ಟುವ ಮೊದಲೇ ಫೋನಿನಲ್ಲಿ ಅವಳ ಕೂಗು ಕೇಳಿತು. ಅದರಲ್ಲಿ ಮಾತಿರಲಿಲ್ಲ.

ಹೆಣ ಇಳಿಸಿದ ಕಡೆ ಕಾಗದ ಬರೆದರು. ಸಾವಿನ ಕಾರಣ ಎಂಬಲ್ಲಿ, ಜೇಬಿನ ಕಾರ್ಡು ನೋಡಿಕೊಂಡು, 'ಹುಟ್ಟಿನಿಂದ ಬಂದ ರಕ್ತದೋಷ' ಎಂದು ತುಂಬಿದರು. ಅಂದರೆ ಮಲ್ಲೇಶ ಸತ್ತದ್ದು ಜ್ವರದಿಂದಲ್ಲ, ಬೆಂಚಿನಿಂದಲ್ಲ, ಯಾರೂ ಮುಟ್ಟದೆ ಹೋದದ್ದರಿಂದಲ್ಲ. ಅವನು ಸತ್ತದ್ದು ಹುಟ್ಟಿನಿಂದ. ಈ ದೇಶದಲ್ಲಿ ಆ ಕಾರಣಕ್ಕೆ ಸತ್ತವರು ಅವನೊಬ್ಬನೇ ಅಲ್ಲವಲ್ಲ, ಬರೆದವರ ಕೈಗೆ ಅದು ಅಭ್ಯಾಸವಾಗಿರಬೇಕು.

ತಿಥಿ ಮುಗಿದ ಮಧ್ಯಾಹ್ನ ಕದಿರಯ್ಯ ಕಾರ್ಡುಗಳನ್ನೆಲ್ಲ ಒಟ್ಟುಮಾಡಿಕೊಂಡು ಬಂದು ಭವ್ಯಳ ಮುಂದೆ ಹಾಕಿದ.

"ತಗೋಮ್ಮ ನಿನ್ನ ಸೈನ್ಸು. ಇದೇ ಅವನ್ನ ತಿಂದಿದ್ದು. ಇದಿಲ್ದಿದ್ರೆ ಅವತ್ತು ನಂಬರ್ ನೋಡಿ ಹೆದ್ರಿಕಂಡಾದ್ರೂ ಗಾಳಿ ಕೊಡ್ತಿದ್ರು."

ಭವ್ಯ ಒಂದು ಕಾರ್ಡು ಎತ್ತಿಕೊಂಡು ಓದಿದಳು. ಅವಳೂ ಅದನ್ನೇ ನೆನೆಯುತ್ತಿದ್ದಳು. 'ಗಾಬರಿ ಬೇಡ' ಎಂದು ಬರೆದದ್ದು ಅವಳು. ಎಷ್ಟಕ್ಕಿಂತ ಕೆಳಗಿಳಿದರೆ ಗಾಬರಿಯಾಗಬೇಕು ಎಂದು ಬರೆದಿರಲಿಲ್ಲ. ಗಾಬರಿಪಡಬೇಕಾದಾಗ ಡಾಕ್ಟರು ಗಾಬರಿಪಡುತ್ತಾನೆ ಎಂದು ನಂಬಿದ್ದಳು. ಅಷ್ಟು ಓದಿದವಳಿಗೆ ಅಷ್ಟು ತಿಳಿಯಬೇಡವೇ?

ಮೂಲೆಯಲ್ಲಿ ಕೂತಿದ್ದ ಇಂದ್ರಮ್ಮ ಮಾತಾಡಿದಳು. ಗಂಡ ಹೋದ ಮೇಲೆ ಅವಳು ಅತ್ತೇ ಇರಲಿಲ್ಲ. ಆ ಕೂಗಿನ ಜೊತೆ ಅಳುವೂ ಒಣಗಿದಂತಿತ್ತು.

"ಕಾರ್ಡಲ್ಲ ಮಾವ. ಕಾರ್ಡು ಇಲ್ದಿದ್ದಾಗ ಎದೆ ತೂತು ಅಂತ ಮುಟ್ಲಿಲ್ಲ. ಕಾರ್ಡು ಬಂದ್ಮೇಲೆ ಇವ್ರುದು ಇರಾದೇ ಇಂಗೆ ಅಂತ ಮುಟ್ಲಿಲ್ಲ. ಮುಟ್ಟಬಾರ್ದು ಅಂತ ಇದ್ದೋರ್ಗೆ ಯಾವುದಾದ್ರೇನು?"

ಕದಿರಯ್ಯ ಕುಸಿದು ಕೂತ. ಅವನ ಸಿಟ್ಟಿನ ಕೆಳಗೆ ಹೆದರಿಕೆ ಇತ್ತು. ಅವನ ಮಗಳು ರಾಧಾಮಣಿ ಹೆರಿಗೆಗೆ ತವರಿಗೆ ಬಂದಿದ್ದಳು, ತುಂಬಿದ ದಿನ. ಅವಳ ತುಟಿಯೂ ನೇರಳೆ. ಕಾರ್ಡು ಒಯ್ಯದಿದ್ದರೆ ಕ್ಲಿಪ್ಪು ನೋಡಿ 'ಇಲ್ಲಾಗಲ್ಲ, ಮುಂದಕ್ಕೆ ಹೋಗಿ' ಎಂದು ಪಾವಗಡದಿಂದ ಮಧುಗಿರಿಗೆ, ಮಧುಗಿರಿಯಿಂದ ತುಮಕೂರಿಗೆ ಅಟ್ಟುತ್ತಾರೆ. ಒಯ್ದರೆ ಮಲ್ಲೇಶನಿಗಾದದ್ದೇ. ಎರಡರ ನಡುವೆ ಒಂದು ಹೆರಿಗೆ ಆಗಬೇಕಿತ್ತು.

ಭವ್ಯ ಹೊಸ ಕಾರ್ಡು ಬರೆಯಲು ಕೂತಳು. 'ಗಾಬರಿ ಬೇಡ' ಹೊಡೆದುಹಾಕಿದಳು. ಇಷ್ಟಕ್ಕಿಂತ ಇಳಿದರೆ ಇದು ಮಾಡಿ, ಉಸಿರು ಏರಿದರೆ ಅದು ಮಾಡಿ ಎಂದು ಸಾಲು ಸೇರಿಸುತ್ತ ಹೋದಳು. ಕಾರ್ಡು ಸಾಲದೆ ಹಾಳೆಯಾಯಿತು.

"ಎಷ್ಟು ಬರುದ್ರೂ ಅವ್ರಿಗೆ ಬೇಕಾದ ಸಾಲ್ನೇ ಓದ್ಕತಾರೆ ಕಣಮ್ಮ," ಎಂದಳು ಇಂದ್ರಮ್ಮ.

ರಾಧಾಮಣಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು. "ಅಕ್ಕ, ಕಾರ್ಡಿಗೆ ಬಾಯಿಲ್ಲ. ನಿಂಗೈತೆ. ನೀನೇ ಬಾ."

ಭವ್ಯ ಮೈಸೂರಿಗೆ ಹಿಂತಿರುಗಲಿಲ್ಲ. ಪ್ರಬಂಧ ಕಳಿಸಲು ಅವಸರ ಮಾಡುತ್ತಿದ್ದ ಅವಳ ಮೇಲಿನವರಿಗೆ 'ಆಮೇಲೆ' ಎಂದಷ್ಟೇ ಹೇಳಿದಳು. ನೋವು ಬಂದ ದಿನ ಇಂದ್ರಮ್ಮನೂ ಹೊರಟಳು. ಬೇಡವೆಂದರೂ ಕೇಳಲಿಲ್ಲ.

ಇದು ಬೇರೆ ಆಸ್ಪತ್ರೆ. ಆದರೂ ಕ್ಲಿಪ್ಪು ಅದೇ. ಎಂಬತ್ತೈದು ಎಂದು ಹೊಳೆದೊಡನೆ ನರ್ಸಿನ ಹುಬ್ಬು ಮೇಲೆ ಹೋಯಿತು. ಭವ್ಯ ಅಡ್ಡ ನಿಂತು ಎಲ್ಲ ಹೇಳಿದಳು. ಇದು ಇವಳ ದಿನದ ಅಂಕಿ, ಇದಕ್ಕಿಂತ ಇಳಿದರೆ ಮಾತ್ರ ಅಪಾಯ, ನಾನು ಪಕ್ಕದಲ್ಲೇ ಇರುತ್ತೇನೆ. ಹಿರಿಯ ನರ್ಸು ಅವಳನ್ನು ಮೇಲೆ ಕೆಳಗೆ ನೋಡಿದಳು. "ನೀವು ಡಾಕ್ಟ್ರಾ?"

"ಡಾಕ್ಟರೇಟ್ ಆಗಿದೆ. ಆ ಡಾಕ್ಟರಲ್ಲ."

"ಯಾವ ಡಾಕ್ಟರಾದ್ರೂ ಕಾಲಿಗೆ ಅಡ್ಡ ಸಿಗಬಾರದು. ಆ ಮೂಲೇಲಿ ನಿಂತ್ಕೊಳ್ಳಿ."

ಹಗಲೆಲ್ಲ ನೋವು. ಹೊತ್ತು ಇಳಿಯುವಾಗ ಮಗು ಬಂತು. ಗಂಡು. ಅಳಲಿಲ್ಲ. ಮೈ ತುಂಬ ನೀಲಿ, ತುಟಿ ಕಡುನೀಲಿ. ನರ್ಸು ಮಗುವನ್ನು ಎತ್ತಿ ಹಿಡಿದು ಮೂಲೆಯ ಕಡೆ ತಿರುಗಿದಳು.

"ರೀ ಮೇಡಂ, ಇದು ನಿಮ್ಮ ಮನೆ ನೀಲಿನಾ, ಉಸಿರಿಲ್ಲದ ನೀಲಿನಾ?"

ಹಿಮೋಗ್ಲೋಬಿನ್ನಿನ ನಾಲ್ಕು ಎಳೆಯ ಒಂದೊಂದು ಮಡಿಕೆಯೂ ಭವ್ಯಳಿಗೆ ಗೊತ್ತಿತ್ತು. ಕಬ್ಬಿಣಕ್ಕೂ ಟೈರೋಸಿನ್ನಿಗೂ ನಡುವೆ ಎಷ್ಟು ದೂರ ಎಂದು ಅಳೆದಿದ್ದಳು. ಆ ಪುಟ್ಟ ಮೈಯ ಬಣ್ಣ ಯಾವ ನೀಲಿಯೆಂದು ಅವಳಿಗೆ ತಿಳಿಯಲಿಲ್ಲ. ನೋಡಿ ಹೇಳಲು ಯಾರಿಗೂ ಆಗುವಂತಿರಲಿಲ್ಲ.

"ಗೊತ್ತಿಲ್ಲ," ಎಂದಳು. "ಬಣ್ಣ ಬಿಡಿ. ಮುಟ್ಟಿ ನೋಡಿ. ಎದೆ ಮುಟ್ಟಿ ನೋಡಿ ಸಿಸ್ಟರ್!"

ನರ್ಸು ಎರಡನೆಯ ಮಾತಿಗೆ ಕಾಯಲಿಲ್ಲ. ಮಗುವನ್ನು ಮಲಗಿಸಿ ಬಟ್ಟೆಯಲ್ಲಿ ಬೆನ್ನುಜ್ಜಿದಳು, ಬಾಯಿಯ ಲೋಳೆ ತೆಗೆದಳು, ಬೆರಳು ಹೊಕ್ಕುಳ ಬಳ್ಳಿಯ ಬುಡಕ್ಕೆ ಒತ್ತಿ ಮಿಡಿತ ನೋಡಿದಳು, ಪುಟ್ಟ ಮಾಸ್ಕು ಇಟ್ಟು ಗಾಳಿ ಒತ್ತಿದಳು. ಒತ್ತಿದಳು, ಒತ್ತಿದಳು. ಕೋಣೆಯಲ್ಲಿ ರಾಧಾಮಣಿಯ ಏದುಸಿರು ಬಿಟ್ಟರೆ ಬೇರೆ ಸದ್ದಿಲ್ಲ. ಮಗು ಸೀನಿದಂತೆ ಮಾಡಿತು. ಆಮೇಲೆ ಅತ್ತಿತು.

ಮೈ ನಿಧಾನವಾಗಿ ಬಣ್ಣಕ್ಕೆ ತಿರುಗಿತು. ತುಟಿ ತಿರುಗಲಿಲ್ಲ.

"ಎರಡೂ ನೀಲಿ ಇತ್ತು ನೋಡಿ," ಎಂದಳು ನರ್ಸು, ಬೆವರು ಒರೆಸಿಕೊಳ್ಳುತ್ತ. "ಒಂದು ಹೋಯ್ತು. ಒಂದು ನಿಮ್ಮದು, ಇಟ್ಕೊಳ್ಳಿ."

ಹೊರಗೆ ಇಂದ್ರಮ್ಮ ನೆಲದ ಮೇಲೆ ಕೂತಿದ್ದಳು. ಭವ್ಯ ಮಗುವನ್ನು ತಂದು ಅವಳ ಮಡಿಲಿಗೆ ಹಾಕಿ, ಒಳಗೆ ಆದದ್ದು ಹೇಳಿದಳು. ಹೇಳುತ್ತ ಹೇಳುತ್ತ ತನ್ನ ಮಾತು ಎಲ್ಲಿಗೆ ಹೋಗುತ್ತಿದೆ ಎಂದು ಅವಳಿಗೇ ಹೊಳೆದು ಅರ್ಧಕ್ಕೆ ನಿಲ್ಲಿಸಿದಳು.

"ಹೇಳಮ್ಮ. ಅವಮ್ಮ ಏನ್ ಮಾಡುದ್ಲು? ಮುಟ್ಟುದ್ಲಾ?"

"ಮುಟ್ಟುದ್ಲು ಅತ್ಗೆ."

"ಎಷ್ಟೊತ್ತಾಯ್ತು ಅದಕ್ಕೆ?"

"ಜಾಸ್ತಿ ಇಲ್ಲ."

"ಅಷ್ಟೇನಾ?" ಎಂದಳು ಇಂದ್ರಮ್ಮ. "ಅಷ್ಟೇನಾ ಭವ್ಯಾ ಮಾಡ್ಬೇಕಾಗಿದ್ದಿದ್ದು?"

ಮಗುವಿನ ಬಟ್ಟೆ ಸರಿಸಿ, ತಲೆ ಬಗ್ಗಿಸಿ, ಅದರ ಎದೆಗೆ ಕಿವಿ ಇಟ್ಟಳು. ಬಹಳ ಹೊತ್ತು ಹಾಗೇ ಇದ್ದಳು. ರಾಧಾಮಣಿ ಒಳಗಿನಿಂದ ಮಗುವನ್ನು ಕೇಳಿದಳು, ನರ್ಸು ಬಂದು ಕೇಳಿದಳು. ಇಂದ್ರಮ್ಮ ಕಿವಿ ತೆಗೆಯಲಿಲ್ಲ. ಅವಳ ಬೆನ್ನು ಅದುರತೊಡಗಿತು.